ಪಾಸ್‌ಪೋರ್ಟ್‌ನ ಚಿಪ್‌ನಲ್ಲಿ ನಿಮ್ಮ ಬಗ್ಗೆ ಏನಿದೆ? ಬೀಗ ಬೀಳುವ ಮೊದಲೇ ನೋಡಿಕೊಳ್ಳಿ

ಹೊಸ ಪಾಸ್‌ಪೋರ್ಟ್ ಕೈಗೆ ಬಂದ ದಿನ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಫೋಟೊ ಹೇಗೆ ಬಂದಿದೆ ಅಂತ ನೋಡುತ್ತಾರೆ, ಹೆಸರಿನ ಮೇಲೆ ಒಮ್ಮೆ ಕಣ್ಣಾಡಿಸುತ್ತಾರೆ, ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ನಾನೂ ಹಾಗೇ ಇಟ್ಟಿದ್ದೆ. ಎಷ್ಟೋ ತಿಂಗಳ ಮೇಲೆ ಒಂದು ಸಂಜೆ ಅದರ ಚಿಪ್ಪನ್ನು ನನ್ನ ಫೋನಿನಲ್ಲೇ ಓದಿಸಿ ನೋಡಿದೆ. ಮುಚ್ಚಿದ ಪಾಸ್‌ಪೋರ್ಟ್ ಮೇಲೆ ಫೋನ್ ಇಟ್ಟು, ಕೈ ಅಲುಗಿಸದೆ ಕೂತಿದ್ದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪರದೆಯ ಮೇಲೆ ನನ್ನ ಮುಖ ಮೂಡಿತು. ಪುಟದಲ್ಲಿ ಅಚ್ಚಾದ ಮುಖವಲ್ಲ, ಒಳಗೆ ಕೂತಿದ್ದ ಇನ್ನೊಂದು ಪ್ರತಿ. ಗಡಿಯಲ್ಲಿ ಯಂತ್ರ ನನ್ನನ್ನು ಹೋಲಿಸಿ ನೋಡುವುದು ಈ ಪ್ರತಿಯ ಜೊತೆ ಅನ್ನೋದು ಆಗ ಮನಸ್ಸಿಗೆ ನಾಟಿತು.

ನಾನು ಒತ್ತಿ ಹೇಳಬೇಕಿರುವುದು ಇದನ್ನೇ. ಮಾಹಿತಿ ತುಂಬಿ, ಕೊಟ್ಟ ದೇಶದ ಡಿಜಿಟಲ್ ಸಹಿ ಹಾಕಿ, ಚಿಪ್‌ಗೆ ಬೀಗ ಹಾಕಿದ ಮೇಲೆ ಅದನ್ನು ತಿದ್ದಲು ಬರುವುದಿಲ್ಲ. ಒಂದಕ್ಷರ ತಪ್ಪಿದ್ದರೂ ಹೊಸ ಪಾಸ್‌ಪೋರ್ಟೇ ಆಗಬೇಕು. ಹಾಗಾಗಿ ನಿಮ್ಮ ಕೈಯಲ್ಲಿರುವ ಸಮಯ ಎಂದರೆ ಅರ್ಜಿ ಹಾಕುವ ದಿನ, ಫೋಟೊ ತೆಗೆಸುವ ದಿನ, ಪುಸ್ತಕ ಕೈಗೆ ಬರುವ ದಿನ. ಗಡಿಗೆ ಹೋಗಿ ನಿಂತ ಮೇಲೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಸರ್ಕಾರಗಳು ಈ ದಾರಿಗೆ ಬಂದದ್ದು ಹೇಗೆ

ಇದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಹೆಜ್ಜೆಗಳು ಸುಲಭ. ಎಲ್ಲ ದೇಶಗಳ ಪಾಸ್‌ಪೋರ್ಟ್ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ, ಒಂದೇ ಥರದ ಪುಸ್ತಕವಾಗಿ ಇರಲಿ ಎಂಬ ಮಾತು 1920ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಲೀಗ್ ಆಫ್ ನೇಷನ್ಸ್‌ನ ಸಭೆಯಷ್ಟು ಹಳೆಯದು. ಯಂತ್ರ ಓದುವ ಪಾಸ್‌ಪೋರ್ಟ್‌ನ ನಿಯಮಗಳು ಬಂದದ್ದು 1980ರಲ್ಲಿ. ವಿಶ್ವಸಂಸ್ಥೆಯ ಅಂಗವಾದ, ಮಾಂಟ್ರಿಯಲ್‌ನಲ್ಲಿ ಕಚೇರಿ ಇರುವ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಅವನ್ನು ‘ದಾಖಲೆ 9303’ ಎಂಬ ಹೆಸರಿನಲ್ಲಿ ಹೊರತಂದಿತು. ಇವತ್ತಿಗೂ ಪಾಸ್‌ಪೋರ್ಟ್ ಮಾಡುವವರಿಗೆ ಅದೇ ಆಧಾರ.

ಚಿಪ್ ಇರುವ ಪಾಸ್‌ಪೋರ್ಟ್ ಮೊದಲು ಕೊಟ್ಟದ್ದು ಮಲೇಷ್ಯಾ, 1998ರಲ್ಲಿ. ಆದರೆ ಅದು ಆ ದೇಶದ್ದೇ ಆದ ವ್ಯವಸ್ಥೆಯಾಗಿತ್ತು, ಬೇರೆ ದೇಶಗಳ ಯಂತ್ರಗಳಿಗೆ ಹೊಂದುತ್ತಿರಲಿಲ್ಲ. ಎಲ್ಲರನ್ನೂ ಅವಸರಕ್ಕೆ ದೂಡಿದ್ದು 2001ರ ಸೆಪ್ಟೆಂಬರ್ 11ರ ದಾಳಿ. 2002ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ವೀಸಾ ಇಲ್ಲದೆ ತನ್ನ ನೆಲಕ್ಕೆ ಬರುವ ಸೌಲಭ್ಯ ಬೇಕಾದ ದೇಶಗಳು ತಮ್ಮ ಪ್ರಜೆಗಳಿಗೆ ಬಯೋಮೆಟ್ರಿಕ್ ಪಾಸ್‌ಪೋರ್ಟ್, ಅಂದರೆ ಮುಖ, ಬೆರಳಚ್ಚಿನಂಥ ದೇಹದ ಗುರುತು ಚಿಪ್‌ನಲ್ಲಿರುವ ಪಾಸ್‌ಪೋರ್ಟ್, ಕೊಡಬೇಕು ಅಂತ ಅದರಲ್ಲಿತ್ತು. ಮೊದಲ ಗಡುವು 2004ರ ಅಕ್ಟೋಬರ್ 26. ಅಷ್ಟರೊಳಗೆ ಹೆಚ್ಚಿನವರು ಸಿದ್ಧರಿರಲಿಲ್ಲ. ಗಡುವು ಒಂದು ವರ್ಷ ಮುಂದೆ ಹೋಯಿತು, ಮತ್ತೆ ಇನ್ನೊಂದು ವರ್ಷ. ಕೊನೆಗೆ 2006ರ ಅಕ್ಟೋಬರ್‌ಗೆ ಬಂದು ನಿಂತಿತು.

ಇದರ ನಡುವೆ, 2003ರ ಮೇ ತಿಂಗಳಲ್ಲಿ, ಐಕಾವೊ ಒಂದು ತೀರ್ಮಾನ ಮಾಡಿತು. ಎಲ್ಲ ದೇಶಗಳಿಗೂ ಸಾಮಾನ್ಯವಾದ ಗುರುತು ಮುಖ. ಬೆರಳಚ್ಚು, ಕಣ್ಣಿನ ಪಾಪೆ ಬೇಕಿದ್ದವರು ಸೇರಿಸಿಕೊಳ್ಳಬಹುದು. ಈ ಆಯ್ಕೆ ನನಗೆ ಸರಿ ಅನಿಸುತ್ತದೆ. ಪಾಸ್‌ಪೋರ್ಟ್‌ಗೆ ಫೋಟೊ ಕೊಡುವುದು ಜನರಿಗೆ ಮೊದಲೇ ರೂಢಿಯಿತ್ತು. ಯಾವ ಯಂತ್ರವನ್ನೂ ಮುಟ್ಟಬೇಕಿಲ್ಲ. ಯಂತ್ರ ಕೆಟ್ಟರೂ ಅಧಿಕಾರಿ ತನ್ನ ಕಣ್ಣಿನಿಂದಲೇ ಹೋಲಿಸಿ ನೋಡಬಹುದು. ಬೆರಳಚ್ಚನ್ನು ಹಾಗೆ ನೋಡಲು ಆಗುತ್ತದಾ?

2004ರ ಕೊನೆಯಲ್ಲಿ ಬೆಲ್ಜಿಯಂ ಈ ಹೊಸ ನಿಯಮದ ಪಾಸ್‌ಪೋರ್ಟ್ ಕೊಡಲು ಶುರುಮಾಡಿತು. ಅದೇ ಡಿಸೆಂಬರ್‌ನಲ್ಲಿ ಐರೋಪ್ಯ ಒಕ್ಕೂಟ ತನ್ನ ಕಾನೂನು ಮಾಡಿ, 2006ರ ಆಗಸ್ಟ್‌ನೊಳಗೆ ಮುಖ, 2009ರ ಜೂನ್‌ನೊಳಗೆ ಬೆರಳಚ್ಚು ಚಿಪ್‌ನಲ್ಲಿ ಇರಬೇಕು ಅಂದಿತು. ಬ್ರಿಟನ್ ಮತ್ತು ಅಮೆರಿಕ ಮುಖಕ್ಕೇ ನಿಂತವು, ಅವರ ಪಾಸ್‌ಪೋರ್ಟ್ ಚಿಪ್‌ನಲ್ಲಿ ಬೆರಳಚ್ಚು ಇಲ್ಲ. ಭಾರತ 2024ರಲ್ಲಿ ಸಾಮಾನ್ಯ ನಾಗರಿಕರಿಗೆ ಪ್ರಾಯೋಗಿಕವಾಗಿ ಶುರುಮಾಡಿ ಆಮೇಲೆ ವಿಸ್ತರಿಸಿತು. ಈಗ 140ಕ್ಕೂ ಹೆಚ್ಚು ದೇಶಗಳು ಇಂಥ ಪಾಸ್‌ಪೋರ್ಟ್ ಕೊಡುತ್ತಿವೆ.

ಮೊದಲ ಹೆಜ್ಜೆ: ನಿಮ್ಮದರಲ್ಲಿ ಚಿಪ್ ಇದೆಯಾ ನೋಡಿ

ಮುಖಪುಟ ನೋಡಿದರೆ ಸಾಕು. ಒಂದು ಆಯತ, ಅದರ ನಡುವೆ ಒಂದು ವೃತ್ತ, ವೃತ್ತದ ಎರಡೂ ಬದಿಗೆ ಆಯತವನ್ನು ಅಡ್ಡಕ್ಕೆ ಸೀಳುವ ಗೆರೆ. ಸಣ್ಣ ಕ್ಯಾಮೆರಾದ ಹಾಗೆ ಕಾಣುವ ಈ ಚಿಹ್ನೆ ಇದ್ದರೆ ಒಳಗೆ ಚಿಪ್ ಇದೆ. ಅದು ರಟ್ಟಿನೊಳಗೆ ಇರಬಹುದು, ದಪ್ಪನೆಯ ಪ್ಲಾಸ್ಟಿಕ್ ಮಾಹಿತಿ ಪುಟದೊಳಗೆ ಇರಬಹುದು.

ಚಿಹ್ನೆ ಇಲ್ಲ ಅಂತ ಗಾಬರಿ ಬೇಡ. ಚಿಪ್ ಇಲ್ಲದ, ಯಂತ್ರ ಓದುವ ಸಾಲುಗಳಿರುವ ಪಾಸ್‌ಪೋರ್ಟ್ ಸಾಮಾನ್ಯವಾಗಿ ಅವಧಿ ಮುಗಿಯುವ ತನಕ ನಡೆಯುತ್ತದೆ. ಆದರೆ ಕೈಬರಹದ ಹಳೆಯ ಪಾಸ್‌ಪೋರ್ಟ್‌ಗಳ ಕಾಲ ಮುಗಿದಿದೆ. ಅವಕ್ಕೆ ಐಕಾವೊ ಕೊಟ್ಟಿದ್ದ ಕೊನೆಯ ದಿನ 2015ರ ನವೆಂಬರ್ 24.

ಇನ್ನೊಂದು ವಿಷಯ ನೋಡಿಕೊಳ್ಳಿ. ಕೆಲವು ಬಾಗಿಲುಗಳು ಚಿಪ್ ಇದ್ದವರಿಗೆ ಮಾತ್ರ ತೆರೆಯುತ್ತವೆ. ವೀಸಾ ವಿನಾಯಿತಿ ಯೋಜನೆಯಲ್ಲಿ ಅಮೆರಿಕಕ್ಕೆ ಹೋಗುವವರಿಗೆಲ್ಲ 2016ರ ಏಪ್ರಿಲ್‌ನಿಂದ ಚಿಪ್ ಇರುವ ಪಾಸ್‌ಪೋರ್ಟ್ ಕಡ್ಡಾಯ. ಉಕ್ರೇನ್‌ನ ಪ್ರಜೆಗಳಿಗೆ 2017ರ ಜೂನ್‌ನಲ್ಲಿ ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕಿರುವ ಯುರೋಪಿನ ಷೆಂಗೆನ್ ದೇಶಗಳಿಗೆ ವೀಸಾ ಇಲ್ಲದೆ ಹೋಗುವ ಅವಕಾಶ ಸಿಕ್ಕಿತು. ಮಾಲ್ಡೋವಾ, ಜಾರ್ಜಿಯಾ ದೇಶಗಳಿಗೂ ಸಿಕ್ಕಿತು. ಮೂರೂ ಕಡೆ ಶರತ್ತು ಒಂದೇ, ಬಯೋಮೆಟ್ರಿಕ್ ಪಾಸ್‌ಪೋರ್ಟ್ ಇರಬೇಕು. ಅದೇ ದೇಶದ ಹಳೆಯ ಪುಸ್ತಕ ಹಿಡಿದವರು ವೀಸಾಕ್ಕೆ ಅರ್ಜಿ ಹಾಕಲೇಬೇಕು. ಹಾಗಾಗಿ ಟಿಕೆಟ್ ತೆಗೆಯುವ ಮೊದಲು ಹೋಗುವ ದೇಶದ ನಿಯಮವನ್ನು ಸರ್ಕಾರಿ ಜಾಲತಾಣದಲ್ಲಿ ಓದಿ. ಬೇರೆಯವರ ಮಾತು ನಂಬಿ ಟಿಕೆಟ್ ತೆಗೆಯಬೇಡಿ.

ಎರಡನೇ ಹೆಜ್ಜೆ: ಫೋಟೊ. ಇಲ್ಲಿ ಅವಸರ ಮಾಡಬೇಡಿ

ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯವಾದ ಐದು ನಿಮಿಷ ಇದು. ಮುಂದೆ ಐದು ಅಥವಾ ಹತ್ತು ವರ್ಷ, ಗಡಿಯಲ್ಲಿ ಮುಖ ನೋಡಿ ತೆರೆಯುವ ಪ್ರತಿ ಗೇಟಿನ ಮುಂದೆ ನಿಮ್ಮ ಪರವಾಗಿ ನಿಲ್ಲುವುದು ಈ ಒಂದು ಚಿತ್ರ.

ಎಷ್ಟೋ ದೇಶಗಳಲ್ಲಿ ಅಳತೆ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ. ಮುಖ ಅದರ ಎತ್ತರದ ಬಹುಪಾಲು ತುಂಬಿರಬೇಕು. ಅಳತೆಗಿಂತ ಬೆಳಕು ಜಾಸ್ತಿ ಮುಖ್ಯ. ಒಂದು ಬದಿಯಿಂದ ಬೆಳಕು ಬಿದ್ದರೆ ಇನ್ನೊಂದು ಕೆನ್ನೆ ಕತ್ತಲಾಗುತ್ತದೆ. ಮೇಲಿನಿಂದ ಬಿದ್ದರೆ ಕಣ್ಣಿನ ಗುಳಿಗಳಲ್ಲಿ ನೆರಳು ಕೂರುತ್ತದೆ. ಯಂತ್ರ ಮೊದಲು ಹುಡುಕುವುದೇ ಕಣ್ಣುಗಳನ್ನು. ಅವು ನೆರಳಿನಲ್ಲಿದ್ದರೆ ಉಳಿದದ್ದೆಲ್ಲ ಅಂದಾಜಿಗೆ ಬೀಳುತ್ತದೆ. ಚಿಪ್‌ನಲ್ಲಿ ಜಾಗ ಕಡಿಮೆ ಅನ್ನೋದೂ ನೆನಪಿರಲಿ. ಫೋಟೊವನ್ನು ಕುಗ್ಗಿಸಿ ಕೆಲವೇ ಕಿಲೋಬೈಟ್‌ಗಳಿಗೆ ಇಳಿಸಿ ಇಡುತ್ತಾರೆ. ಮೂಲದಲ್ಲೇ ಮಬ್ಬಾಗಿದ್ದರೆ ಕುಗ್ಗಿದ ಮೇಲೆ ಇನ್ನೇನು ಉಳಿಯುತ್ತದೆ?

ಬಾಯಿ ಮುಚ್ಚಿರಲಿ, ನಗು ಬೇಡ. ಇದು ಗಂಭೀರವಾಗಿ ಕಾಣಲಿ ಅಂತ ಮಾಡಿದ ನಿಯಮವಲ್ಲ. ನಕ್ಕಾಗ ಕೆನ್ನೆ ಮೇಲೇಳುತ್ತದೆ, ಕಣ್ಣು ಕಿರಿದಾಗುತ್ತದೆ, ಬಾಯಿ ಅಗಲವಾಗುತ್ತದೆ. ಯಂತ್ರ ಅಳೆಯುವ ದೂರಗಳೆಲ್ಲ ಬದಲಾಗುತ್ತವೆ. ಕನ್ನಡಕ ತೆಗೆದೇ ಫೋಟೊ ತೆಗೆಸಿ. ಕೆಲವು ದೇಶಗಳಲ್ಲಿ ಕನ್ನಡಕಕ್ಕೆ ಅವಕಾಶ ಇದೆ, ಆದರೂ ಗಾಜಿನ ಹೊಳಪು ಕಣ್ಣಿನ ಮೇಲೆ ಬಿದ್ದರೆ ಫೋಟೊ ತಿರಸ್ಕಾರವಾಗುತ್ತದೆ. ಧಾರ್ಮಿಕ ಕಾರಣಕ್ಕೆ ತಲೆ ಮುಚ್ಚಿಕೊಳ್ಳುವವರಿಗೆ ಬಹುತೇಕ ದೇಶಗಳು ವಿನಾಯಿತಿ ಕೊಡುತ್ತವೆ. ಹಣೆಯಿಂದ ಗದ್ದದ ತನಕ ಮುಖ ಕಾಣಬೇಕು, ಅಷ್ಟೆ.

ಫೋನಿನಲ್ಲಿ ತೆಗೆಯುವುದಾದರೆ ಒಂದು ಎಚ್ಚರಿಕೆ. ಮುಖ ಅಂದಗಾಣಿಸುವ ಫಿಲ್ಟರ್ ಎಷ್ಟೋ ಫೋನುಗಳಲ್ಲಿ ನಮಗೆ ಗೊತ್ತಿಲ್ಲದೇ ಕೆಲಸ ಮಾಡುತ್ತಿರುತ್ತದೆ. ಅದು ಚರ್ಮ ನಯವಾಗಿಸುತ್ತದೆ, ಕಣ್ಣು ದೊಡ್ಡದು ಮಾಡುತ್ತದೆ, ಗಲ್ಲ ತೆಳುವಾಗಿಸುತ್ತದೆ. ನೋಡಲು ಚೆಂದ, ಆದರೆ ಅದು ನೀವಲ್ಲ. ಸೆಟ್ಟಿಂಗ್‌ಗೆ ಹೋಗಿ ಅದನ್ನು ನಿಲ್ಲಿಸಿ, ಆಮೇಲೆ ತೆಗೆಯಿರಿ. ಸೆಲ್ಫಿ ಬೇಡ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದ ಹಾಗೆ ಬರುತ್ತವೆ. ಬೇರೆಯವರ ಕೈಯಲ್ಲಿ ಒಂದೂವರೆ ಮೀಟರ್ ದೂರದಿಂದ ತೆಗೆಸಿ.

ಅರ್ಜಿದಾರರು ತಂದ ಫೋಟೊವನ್ನೇ ನಂಬಲು ಸರ್ಕಾರಗಳು ಈಗ ಹಿಂಜರಿಯಲು ಒಂದು ಕಾರಣ ಇದೆ. ಇಬ್ಬರ ಮುಖಗಳನ್ನು ಕಂಪ್ಯೂಟರ್‌ನಲ್ಲಿ ಬೆರೆಸಿ ಒಂದೇ ಫೋಟೊ ಮಾಡಬಹುದು. ಅದು ಇಬ್ಬರಿಗೂ ಹೋಲುತ್ತದೆ. ಆ ಫೋಟೊದಿಂದ ಒಂದು ಅಸಲಿ ಪಾಸ್‌ಪೋರ್ಟ್ ಪಡೆದರೆ ಇಬ್ಬರೂ ಅದೇ ಪುಸ್ತಕ ಹಿಡಿದು ಗೇಟು ದಾಟುವ ಸಾಧ್ಯತೆ ಇದೆ ಅಂತ 2014ರಲ್ಲಿ ಇಟಲಿಯ ಸಂಶೋಧಕರು ತೋರಿಸಿಕೊಟ್ಟರು. ಇಲ್ಲಿ ಪುಸ್ತಕ ನಕಲಿಯಲ್ಲ, ಸಹಿ ನಕಲಿಯಲ್ಲ, ಒಳಗೆ ಹೋದ ಚಿತ್ರವೇ ಮೋಸ. ಈ ಭಯದಿಂದಲೇ ಜರ್ಮನಿ 2025ರ ಮೇ 1ರಿಂದ ಕಾಗದದ ಫೋಟೊ ನಿಲ್ಲಿಸಿತು. ಅಲ್ಲಿ ಈಗ ಕಚೇರಿಯಲ್ಲೇ ಫೋಟೊ ತೆಗೆಯುತ್ತಾರೆ, ಇಲ್ಲವೇ ಸ್ಟುಡಿಯೊದವರು ಸುರಕ್ಷಿತ ಜಾಲದ ಮೂಲಕ ಡಿಜಿಟಲ್ ಆಗಿ ಕಳಿಸುತ್ತಾರೆ. ಕೌಂಟರಿನಲ್ಲೇ ಫೋಟೊ ತೆಗೆಯುವ ವ್ಯವಸ್ಥೆ ಇದ್ದರೆ ಬೇಸರ ಮಾಡಿಕೊಳ್ಳಬೇಡಿ. ತೆಗೆದ ಮೇಲೆ ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಕೇಳಿ. ಕಣ್ಣು ಅರ್ಧ ಮುಚ್ಚಿದ್ದರೆ “ಇನ್ನೊಂದು ಸಲ ತೆಗೀತೀರಾ?” ಅಂತ ಕೇಳಿ. ಸಾಲಿನಲ್ಲಿ ಹಿಂದೆ ಜನ ಇದ್ದಾರೆ ಅಂತ ಸಂಕೋಚ ಪಡಬೇಡಿ.

ಬೆರಳಚ್ಚು ಕೇಳುವ ದೇಶವಾದರೆ

ಹಿಂದಿನ ದಿನದಿಂದಲೇ ಕೈಗೆ ಸ್ವಲ್ಪ ಎಣ್ಣೆ ಅಥವಾ ಕ್ರೀಮ್ ಹಚ್ಚಿ, ಕೌಂಟರಿಗೆ ಹೋಗುವ ಮೊದಲು ತೊಳೆದು ಒರೆಸಿಕೊಳ್ಳಿ. ತೀರ ಒಣಗಿದ ಬೆರಳನ್ನು ಯಂತ್ರ ಓದುವುದಿಲ್ಲ, ಜಿಡ್ಡಿನದೂ ಓದುವುದಿಲ್ಲ. ಗಾಯ ಇದ್ದರೆ, ಪಟ್ಟಿ ಕಟ್ಟಿದ್ದರೆ, ಮೊದಲೇ ಹೇಳಿ. ಬೇರೆ ಬೆರಳು ತೆಗೆದುಕೊಳ್ಳುತ್ತಾರೆ.

ವಯಸ್ಸಾದವರ ಬಗ್ಗೆ ವಿಶೇಷ ಕಾಳಜಿ ಬೇಕು. ಜೀವನಪೂರ್ತಿ ಕೈಯಿಂದ ದುಡಿದವರ ಬೆರಳ ಗೆರೆಗಳು ಸವೆದಿರುತ್ತವೆ. ಯಂತ್ರ ಮತ್ತೆ ಮತ್ತೆ ಕೆಂಪು ದೀಪ ತೋರಿಸುವಾಗ ಅವರು ತಮ್ಮದೇ ತಪ್ಪು ಅಂದುಕೊಂಡು ಕುಗ್ಗಿಹೋಗುತ್ತಾರೆ. ಜೊತೆಗೆ ಹೋದವರು ಪಕ್ಕದಲ್ಲಿ ನಿಂತು, ಇದು ಅವರ ತಪ್ಪಲ್ಲ, ಯಂತ್ರದ ಮಿತಿ ಅಂತ ಹೇಳಬೇಕು. ಕಾನೂನೂ ಇದನ್ನು ಒಪ್ಪಿದೆ. ಐರೋಪ್ಯ ಒಕ್ಕೂಟದ 2009ರ ತಿದ್ದುಪಡಿಯಂತೆ ಬೆರಳಚ್ಚು ಕೊಡಲು ದೈಹಿಕವಾಗಿ ಸಾಧ್ಯವೇ ಇಲ್ಲದವರಿಗೆ ವಿನಾಯಿತಿ ಇದೆ, 12 ವರ್ಷದೊಳಗಿನ ಮಕ್ಕಳಿಗೂ ಇದೆ. ತಾತ್ಕಾಲಿಕ ತೊಂದರೆ ಇದ್ದವರಿಗೆ ಹನ್ನೆರಡು ತಿಂಗಳು ಮೀರದ ಪಾಸ್‌ಪೋರ್ಟ್ ಕೊಡಬಹುದು. ನಿಮ್ಮ ದೇಶದಲ್ಲಿ ಇಂಥ ವಿನಾಯಿತಿ ಇದೆಯಾ ಅಂತ ಅರ್ಜಿಯ ಸೂಚನೆಗಳಲ್ಲಿ ಹುಡುಕಿ.

ಹೆಸರು ಮತ್ತು ಕೆಳಗಿನ ಎರಡು ಸಾಲು

ಮಾಹಿತಿ ಪುಟದ ಬುಡದಲ್ಲಿ ಎರಡು ಸಾಲು ಇರುತ್ತವೆ. ಒಂದೊಂದರಲ್ಲೂ 44 ಅಕ್ಷರ. ನಡುವೆ ಕೋನದಂಥ ಗುರುತುಗಳು ತುಂಬಿರುತ್ತವೆ. ಅವು ಖಾಲಿ ಜಾಗ ಅಂತ ಲೆಕ್ಕ. ಈ ಸಾಲುಗಳನ್ನು ಹೆಚ್ಚಿನವರು ಓದುವುದೇ ಇಲ್ಲ. ಯಂತ್ರ ಮಾತ್ರ ಮೊದಲು ಓದುವುದೇ ಇವನ್ನು.

ಮೇಲಿನ ಸಾಲಿನಲ್ಲಿ ಹೆಸರಿಗೆ ಸಿಗುವ ಜಾಗ 39 ಅಕ್ಷರ. ಉದ್ದ ಹೆಸರು ತುಂಡಾಗುತ್ತದೆ. ಇಂಗ್ಲಿಷಿನ 26 ಅಕ್ಷರ ಬಿಟ್ಟು ಬೇರೆ ಅಕ್ಷರಕ್ಕೆ ಅವಕಾಶ ಇಲ್ಲ. ಹಾಗಾಗಿ ಜರ್ಮನ್ ಹೆಸರುಗಳಲ್ಲಿ ಮೇಲೆ ಎರಡು ಚುಕ್ಕಿ ಇರುವ ‘ಯು’ ಅಕ್ಷರ ಇಲ್ಲಿ ‘ಯು, ಇ’ ಎಂದು ಎರಡಾಗಿ ಕೂರುತ್ತದೆ. ಮನೆಹೆಸರು ಇಲ್ಲದೆ ಒಂದೇ ಹೆಸರು ಇರುವವರಿಗೆ ಅದು ಮನೆಹೆಸರಿನ ಜಾಗದಲ್ಲಿ ಹೋಗಿ ಕೂರುತ್ತದೆ. ವಿಮಾನದ ಟಿಕೆಟ್ ತೆಗೆಯುವಾಗ ಈ ಸಾಲನ್ನು ಮುಂದಿಟ್ಟುಕೊಂಡೇ ಹೆಸರು ತುಂಬಿ. ಮನೆಯಲ್ಲಿ ಕರೆಯುವ ಹೆಸರು, ಬೇರೆ ಕಾರ್ಡಿನಲ್ಲಿರುವ ಹೆಸರು ಇಲ್ಲಿ ಬೇಡ.

ಕೆಳಗಿನ ಸಾಲಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ರಾಷ್ಟ್ರೀಯತೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ. ದಿನಾಂಕ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಇರುತ್ತದೆ. ಪ್ರತಿ ದಿನಾಂಕ ಮುಗಿದ ಕೂಡಲೇ ಒಂದು ಪರೀಕ್ಷಾ ಅಂಕಿ. ಅದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. 1990ರ ಆಗಸ್ಟ್ 15 ಅಂದರೆ 900815. ಅಂಕಿಗಳನ್ನು ಕ್ರಮವಾಗಿ 7, 3, 1, ಮತ್ತೆ 7, 3, 1ರಿಂದ ಗುಣಿಸಿ. 63, 0, 0, 56, 3, 5. ಕೂಡಿದರೆ 127. ಹತ್ತರಿಂದ ಭಾಗಿಸಿ ಉಳಿಯುವುದು 7. ಸಾಲಿನಲ್ಲಿ 900815ರ ಪಕ್ಕ ಇರಬೇಕಾದದ್ದು ಅದೇ 7. ಯಂತ್ರ ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ಈ ಲೆಕ್ಕ ಕೂಡುವುದಿಲ್ಲ, ಅದು ಮತ್ತೆ ಓದುತ್ತದೆ. ಮಕ್ಕಳ ಜೊತೆ ಕೂತು ಮಾಡಿ ನೋಡಿ, ಅವರಿಗೂ ಖುಷಿ.

ಪುಸ್ತಕ ಕೈಗೆ ಬಂದ ದಿನ: ಚಿಪ್ ಓದಿಸಿ

ಈ ಹೆಜ್ಜೆಯನ್ನು ಬಹಳ ಜನ ಮಾಡುವುದಿಲ್ಲ. ದಯವಿಟ್ಟು ಮಾಡಿ. ಎನ್‌ಎಫ್‌ಸಿ ಇರುವ ಫೋನ್ ಸಾಕು, ಫೋನನ್ನು ಯಂತ್ರದ ಹತ್ತಿರ ಹಿಡಿದು ಹಣ ಕೊಡಲು ಬಳಸುವ ಅದೇ ಎನ್‌ಎಫ್‌ಸಿ. ಪಾಸ್‌ಪೋರ್ಟ್ ಓದುವ ಆ್ಯಪ್‌ಗಳಲ್ಲಿ ಮಾಹಿತಿಯನ್ನು ಹೊರಗೆ ಕಳಿಸದೆ ಫೋನಿನಲ್ಲೇ ತೋರಿಸುವಂಥದ್ದನ್ನು ಆರಿಸಿ. ಇಂಟರ್ನೆಟ್ ನಿಲ್ಲಿಸಿಟ್ಟು ಓದಿಸಿ, ಆಮೇಲೆ ಆ್ಯಪ್ ತೆಗೆದುಹಾಕಿ. ಆಗ ಮನಸ್ಸಿಗೂ ಸಮಾಧಾನ.

ಆ್ಯಪ್ ಮೊದಲು ಕೇಳುವುದು ಮೂರು ವಿವರ: ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ. ಇವು ಮೂರೂ ಸೇರಿದರೆ ಚಿಪ್‌ನ ಬಾಗಿಲು ತೆರೆಯುವ ಕೀಲಿಕೈ. ಪುಸ್ತಕ ತೆರೆದು ಪುಟ ನೋಡಿದವರಿಗೆ ಮಾತ್ರ ಈ ವಿವರ ಸಿಗಬೇಕು ಎಂಬುದು ಅದರ ಹಿಂದಿನ ಯೋಚನೆ. ಫೋನನ್ನು ರಟ್ಟಿನ ಮೇಲೆ ನಿಧಾನವಾಗಿ ಸರಿಸಿ. ಅದು ಚಿಪ್ ಹಿಡಿದ ಕೂಡಲೇ ಕೈ ನಿಲ್ಲಿಸಿ.

ಈಗ ಬಂದದ್ದನ್ನು ಪುಟದ ಜೊತೆ ಹೋಲಿಸಿ. ಹೆಸರಿನ ಪ್ರತಿ ಅಕ್ಷರ, ಹುಟ್ಟಿದ ದಿನ, ಫೋಟೊ. ಬೆರಳಚ್ಚು ಮಾತ್ರ ಕಾಣುವುದಿಲ್ಲ, ಅದು ಸರಿಯೇ. ಅದಕ್ಕೆ ಇನ್ನೊಂದು ಬೀಗ ಇದೆ. ಪಾಸ್‌ಪೋರ್ಟ್ ಕೊಟ್ಟ ದೇಶ ಅನುಮತಿ ಕೊಟ್ಟ ಯಂತ್ರಗಳು ಮಾತ್ರ ಅದನ್ನು ತೆರೆಯಬಲ್ಲವು. ಕೆಲವು ಆ್ಯಪ್‌ಗಳು ಡಿಜಿಟಲ್ ಸಹಿ ಪರೀಕ್ಷಿಸಲು ಆಗಲಿಲ್ಲ ಅಂತ ತೋರಿಸುತ್ತವೆ. ಬಹಳ ಸಲ ಅದಕ್ಕೆ ಕಾರಣ ಆ್ಯಪ್ ಬಳಿ ಆ ಸಹಿ ಅಸಲಿಯೇ ಎಂದು ನೋಡಲು ಬೇಕಾದ ನಿಮ್ಮ ದೇಶದ ಪ್ರಮಾಣಪತ್ರ ಇಲ್ಲದಿರುವುದು. ಅದೊಂದರಿಂದಲೇ ಪಾಸ್‌ಪೋರ್ಟ್‌ನಲ್ಲಿ ದೋಷ ಇದೆ ಅಂದುಕೊಳ್ಳಬೇಡಿ.

ತಪ್ಪು ಕಂಡರೆ ಆ ವಾರವೇ ಕೊಟ್ಟ ಕಚೇರಿಗೆ ಹೋಗಿ. ಚಿಪ್‌ನಲ್ಲಿರುವ ತನ್ನ ಮಾಹಿತಿಯನ್ನು ನೋಡುವ, ತಪ್ಪಿದ್ದರೆ ಸರಿಪಡಿಸಲು ಕೇಳುವ ಹಕ್ಕು ಐರೋಪ್ಯ ಒಕ್ಕೂಟದ 2004ರ ಕಾನೂನಿನಲ್ಲೇ ಬರೆದಿದೆ. ಹೀಗೆ ಕಾನೂನಿನಲ್ಲಿ ಇಲ್ಲದ ಕಡೆಯೂ ಕಚೇರಿಯಲ್ಲಿ ಓದಿಸಿ ತೋರಿಸಲು ಕೇಳುವುದರಲ್ಲಿ ತಪ್ಪಿಲ್ಲ.

ಗೇಟಿನ ಮುಂದೆ

ಗಾಜಿನ ಬಾಗಿಲಿನ ಗೇಟುಗಳಲ್ಲಿ ಜನ ಮಾಡುವ ತಪ್ಪು ಒಂದೇ, ಪಾಸ್‌ಪೋರ್ಟನ್ನು ಬೇಗ ಎತ್ತಿಬಿಡುತ್ತಾರೆ. ಆ ಕೆಲವು ಸೆಕೆಂಡಿನಲ್ಲಿ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಕೈ ತಾನಾಗಿ ನಿಲ್ಲುತ್ತದೆ. ಮೊದಲು ಯಂತ್ರ ಕೆಳಗಿನ ಎರಡು ಸಾಲಿನ ಚಿತ್ರ ತೆಗೆಯುತ್ತದೆ. ಅದರಿಂದ ಕೀಲಿಕೈ ಮಾಡಿಕೊಂಡು ಚಿಪ್ ತೆರೆಯುತ್ತದೆ. ಮುಖದ ಚಿತ್ರ ಎಳೆದುಕೊಳ್ಳುತ್ತದೆ. ಚಿಪ್‌ನ ಮಾಹಿತಿಗೆ ಕೊಟ್ಟ ದೇಶದ ಡಿಜಿಟಲ್ ಸಹಿ ಇದೆಯಾ, ಒಂದಕ್ಷರವಾದರೂ ಬದಲಾಗಿದೆಯಾ ಅಂತ ಪರೀಕ್ಷಿಸುತ್ತದೆ. ದೇಶಗಳು ಈ ಸಹಿಯ ಪ್ರಮಾಣಪತ್ರಗಳನ್ನು ಹಂಚಿಕೊಳ್ಳಲು ಐಕಾವೊ 2007ರಲ್ಲಿ ಒಂದು ಸಾಮಾನ್ಯ ಕೋಶ ಶುರುಮಾಡಿತು. ಚಿಪ್‌ನ ನಿಜವಾದ ಬಲ ಇರುವುದು ಈ ಸಹಿಯಲ್ಲಿ. ಫೋಟೊ ಅಂಟಿಸಿ ಬದಲಿಸುವ ಹಳೆಯ ಮೋಸ ಇಲ್ಲಿ ನಡೆಯುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಕ್ಯಾಮೆರಾ ನಿಮ್ಮ ಮುಖ ನೋಡುತ್ತದೆ.

ಹಾಗಾಗಿ ರಟ್ಟಿನ ಮೇಲಿನ ಕವರ್ ತೆಗೆದಿಡಿ. ಮಾಹಿತಿ ಪುಟವನ್ನು ಕೆಳಮುಖವಾಗಿ ಒತ್ತಿ ಹಿಡಿಯಿರಿ. ದೀಪ ಬದಲಾಗುವ ತನಕ ಎತ್ತಬೇಡಿ. ಟೋಪಿ, ಕನ್ನಡಕ ತೆಗೆಯಿರಿ, ನೆಲದ ಮೇಲಿನ ಹೆಜ್ಜೆ ಗುರುತಿನ ಮೇಲೆ ನಿಂತು ನೇರ ನೋಡಿ. ಕೆಂಪು ಬಂದರೆ ನಿಮ್ಮ ಮೇಲೆ ಅನುಮಾನ ಬಂತು ಅಂತಲ್ಲ. ಪಕ್ಕದ ಕೌಂಟರಿಗೆ ಹೋಗಿ, ಅಧಿಕಾರಿ ನೋಡುತ್ತಾರೆ. ಮಕ್ಕಳಿಗೆ ವಯಸ್ಸಿನ ಮಿತಿ ಇರುತ್ತದೆ. ಬ್ರಿಟನ್‌ನಲ್ಲಿ ಮೊದಲು 12 ಇದ್ದದ್ದು 2023ರಲ್ಲಿ 10ಕ್ಕೆ ಇಳಿಯಿತು. ಸಣ್ಣ ಮಕ್ಕಳ ಮುಖ ಬೇಗ ಬದಲಾಗುವುದರಿಂದ ಅವರ ಜೊತೆ ಕೌಂಟರಿಗೇ ಹೋಗುವುದು ಒಳ್ಳೆಯದು.

ನಕಲು, ಕಾಪಾಡುವುದು, ಕಳೆದರೆ

ಮೇಲೆ ಹೇಳಿದ ಕೀಲಿಕೈ ನೆನಪಿದೆ ಅಲ್ವಾ? ಅದು ಇರುವುದು ಮಾಹಿತಿ ಪುಟದ ಮೇಲೆಯೇ. ಆ ಪುಟವನ್ನೇ ನಾವು ಜೆರಾಕ್ಸ್ ಮಾಡಿ ಕೇಳಿದವರಿಗೆಲ್ಲ ಕೊಡುತ್ತೇವೆ, ಫೋನಿನಲ್ಲಿ ಫೋಟೊ ಕಳಿಸುತ್ತೇವೆ. ನಕಲು ಇದ್ದ ಮಾತ್ರಕ್ಕೆ ದೂರದಿಂದ ಚಿಪ್ ಓದಲು ಆಗುವುದಿಲ್ಲ, ಯಂತ್ರ ಪುಸ್ತಕದಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ ಇರಬೇಕು. ಆದರೂ ನಕಲು ಎಲ್ಲೆಲ್ಲೋ ಸುತ್ತುವುದು ಒಳ್ಳೆಯದಲ್ಲ. ಕಾನೂನಿನ ಪ್ರಕಾರ ಬೇಕೇ ಅಂತ ಕೇಳಿ. ಕೊಡಲೇಬೇಕಾದರೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಅಂತ ನಕಲಿನ ಮೇಲೆ ಅಡ್ಡ ಬರೆಯಿರಿ. ಸಾಧ್ಯವಾದ ಕಡೆ ಕೆಳಗಿನ ಎರಡು ಸಾಲು ಮುಚ್ಚಿ.

ಪುಸ್ತಕಕ್ಕೆ ಸ್ಟೇಪಲ್ ಹೊಡೆಯಬೇಡಿ, ಮಡಚಬೇಡಿ, ಹಿಂದಿನ ಜೇಬಿನಲ್ಲಿಟ್ಟು ಕೂರಬೇಡಿ. ಚಿಪ್‌ನ ಸುತ್ತ ಕೂದಲಿನಷ್ಟು ತೆಳ್ಳಗಿನ ತಂತಿಯ ಆಂಟೆನಾ ಇರುತ್ತದೆ, ಅದು ತುಂಡಾದರೆ ಚಿಪ್ ಮಾತಾಡುವುದಿಲ್ಲ. ಚಿಪ್ ತಾನಾಗಿ ಕೆಟ್ಟರೆ ಪಾಸ್‌ಪೋರ್ಟ್ ಸಾಮಾನ್ಯವಾಗಿ ಅವಧಿ ಮುಗಿಯುವ ತನಕ ನಡೆಯುತ್ತದೆ, ಕೌಂಟರಿನಲ್ಲಿ ತಡವಾಗಬಹುದು ಅಷ್ಟೆ.

ಕಳೆದರೆ ತಕ್ಷಣ ದೂರು ಕೊಡಿ. ದೇಶಗಳು ಕಳಿಸುವ ಇಂಥ ವಿವರ 2002ರಿಂದ ಇರುವ ಇಂಟರ್‌ಪೋಲ್‌ನ ಪಟ್ಟಿಗೆ ಸೇರುತ್ತದೆ. ಒಂದು ಮಾತು ಚೆನ್ನಾಗಿ ನೆನಪಿಡಿ: ದೂರು ಕೊಟ್ಟ ಮೇಲೆ ಹಳೆಯ ಪುಸ್ತಕ ಮನೆಯಲ್ಲೇ ಸಿಕ್ಕಿದರೂ ಅದನ್ನು ಹಿಡಿದು ಪ್ರಯಾಣ ಮಾಡಬೇಡಿ. ಪಟ್ಟಿಯಲ್ಲಿ ಅದರ ಸಂಖ್ಯೆ ಇರುತ್ತದೆ, ಗಡಿಯಲ್ಲಿ ತಡೆಯುತ್ತಾರೆ.

ಕೊನೆಯ ಹೆಜ್ಜೆ: ಮೂರು ಪ್ರಶ್ನೆ ಕೇಳಿ

ಪಾಸ್‌ಪೋರ್ಟ್ ಕಚೇರಿಯವರನ್ನು ಕೇಳಿ: ಏನು ತೆಗೆದುಕೊಳ್ಳುತ್ತೀರಿ? ಎಲ್ಲಿ ಇಡುತ್ತೀರಿ? ಯಾವಾಗ ಅಳಿಸುತ್ತೀರಿ? ಚಿಪ್‌ನೊಳಗಿನ ಬೆರಳಚ್ಚು ನಿಮ್ಮ ಜೇಬಿನಲ್ಲಿದೆ. ಅದರ ಇನ್ನೊಂದು ಪ್ರತಿ ಸರ್ಕಾರದ ಕಂಪ್ಯೂಟರಿನಲ್ಲಿ ಉಳಿದರೆ ಅದು ಬೇರೆಯೇ ವಿಷಯ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳನ್ನು ಬದಲಿಸಲು ಆಗುವುದಿಲ್ಲ.

ದೇಶಗಳು ಇಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ. ಜರ್ಮನಿಯಲ್ಲಿ ಪಾಸ್‌ಪೋರ್ಟ್ ಕೈಗೆ ಕೊಟ್ಟ ಮೇಲೆ ಕಚೇರಿಯಲ್ಲಿದ್ದ ಬೆರಳಚ್ಚನ್ನು ಅಳಿಸಬೇಕು. ನೆದರ್‌ಲೆಂಡ್ಸ್ ಬೆರಳಚ್ಚುಗಳನ್ನು ಕೂಡಿಡಲು ಹೊರಟು 2011ರಲ್ಲಿ ಹಿಂದೆ ಸರಿಯಿತು. ಫ್ರಾನ್ಸ್ ಎಂಟು ಬೆರಳಿನ ಗುರುತು ಇಟ್ಟುಕೊಳ್ಳಲು ಹೋದಾಗ, ಚಿಪ್‌ಗೆ ಬೇಕಾದ ಎರಡಕ್ಕಿಂತ ಹೆಚ್ಚು ಬೇಡ ಅಂತ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಅದೇ ವರ್ಷ ಹೇಳಿತು. ಸ್ವಿಟ್ಜರ್‌ಲೆಂಡ್ ಜನರನ್ನೇ ಕೇಳಿತು. 2009ರ ಮೇ 17ರ ಮತದಾನದಲ್ಲಿ ಬಯೋಮೆಟ್ರಿಕ್ ಪಾಸ್‌ಪೋರ್ಟ್‌ಗೆ ಸಿಕ್ಕ ಒಪ್ಪಿಗೆ ಶೇಕಡ 50.1, ಕೂದಲೆಳೆಯ ಅಂತರ. ಜರ್ಮನಿಯ ಬೋಖಮ್ ನಗರದ ಒಬ್ಬರು ಬೆರಳಚ್ಚು ಕೊಡುವುದಿಲ್ಲ ಅಂತ ಐರೋಪ್ಯ ನ್ಯಾಯಾಲಯದ ತನಕ ಹೋದರು. 2013ರಲ್ಲಿ ಅವರು ಸೋತರು. ಆದರೆ ಆ ಕಾನೂನು ಬೆರಳಚ್ಚಿನ ಕೇಂದ್ರ ಸಂಗ್ರಹಕ್ಕೆ ಆಧಾರವಲ್ಲ ಎಂಬ ಮಾತು ತೀರ್ಪಿನಲ್ಲಿ ಸೇರಿತು.

ನೀವು ಹೋಗುವ ದೇಶವೂ ಈಗ ಕೇಳುತ್ತದೆ. ಷೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ತಂದ ವ್ಯವಸ್ಥೆಯಲ್ಲಿ ಅಲ್ಪಾವಧಿಗೆ ಬರುವ ಹೊರಗಿನವರ ಮುಖದ ಚಿತ್ರ, ವೀಸಾ ಇಲ್ಲದೆ ಬರುವವರದಾದರೆ ನಾಲ್ಕು ಬೆರಳಿನ ಗುರುತೂ ದಾಖಲಾಗುತ್ತದೆ. 12 ವರ್ಷದೊಳಗಿನವರಿಗೆ ಮುಖ ಮಾತ್ರ. ಕೊಡಲು ಒಪ್ಪದಿದ್ದರೆ ಒಳಗೆ ಬಿಡುವುದಿಲ್ಲ. ಹೊರಟ ಮೇಲೆ ಮೂರು ವರ್ಷ ಇಟ್ಟುಕೊಳ್ಳುತ್ತಾರೆ. ನೀವು ಹೊರಟದ್ದೇ ದಾಖಲಾಗದಿದ್ದರೆ ಐದು ವರ್ಷ. ಅದಕ್ಕೇ ಹೊರಡುವಾಗಲೂ ಗಡಿಯಲ್ಲಿ ದಾಖಲಾಯಿತಾ ಅಂತ ಖಚಿತ ಮಾಡಿಕೊಳ್ಳಿ, ಬೋರ್ಡಿಂಗ್ ಪಾಸ್ ಜೋಪಾನವಾಗಿಡಿ.

ಪಾಸ್‌ಪೋರ್ಟ್ ಅಲ್ಲದ ದಾಖಲೆಗಳೂ ಇದೇ ದಾರಿಯಲ್ಲಿವೆ. ಹಡಗಿನ ಕೆಲಸಗಾರರ ಗುರುತು ಪತ್ರಕ್ಕೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2003ರಲ್ಲಿ ಬೆರಳಚ್ಚು ಸೇರಿಸಿತ್ತು. 2016ರಲ್ಲಿ ಅದನ್ನು ಬಿಟ್ಟು, ಪಾಸ್‌ಪೋರ್ಟ್‌ನ ಹಾಗೆ ಮುಖದ ಚಿತ್ರ ಇರುವ ಚಿಪ್‌ಗೆ ಬದಲಾಯಿತು. ನಿರಾಶ್ರಿತರ ಪ್ರಯಾಣ ಪತ್ರಗಳಿಗೂ ಈಗ ಯಂತ್ರ ಓದುವ ಸಾಲು ಬೇಕು. ಅಂಥ ಪತ್ರ ಹಿಡಿದವರ ಜೊತೆ ಹೋಗುವವರು ಈ ಹೆಜ್ಜೆಗಳನ್ನೇ ಅವರಿಗೂ ಹೇಳಿಕೊಡಿ. ತಪ್ಪಾದಾಗ ಮತ್ತೊಂದು ಪತ್ರ ಪಡೆಯುವುದು ಅವರಿಗೆ ನಮಗಿಂತ ಕಷ್ಟ.

ಫೋನಿನೊಳಗಿನ ಪಾಸ್‌ಪೋರ್ಟ್ ಬರುತ್ತಿದೆ ಅಂತ ನೀವು ಕೇಳಿರಬಹುದು. ಫಿನ್ಲೆಂಡ್ 2023ರ ಆಗಸ್ಟ್‌ನಿಂದ ಕೆಲವು ತಿಂಗಳು ಹೆಲ್ಸಿಂಕಿ ಮತ್ತು ಬ್ರಿಟನ್ ನಡುವಿನ ವಿಮಾನಗಳಲ್ಲಿ ಪ್ರಯೋಗ ಮಾಡಿತು. ಪ್ರಯಾಣಿಕರು ಚಿಪ್‌ನ ಮಾಹಿತಿಯ ಡಿಜಿಟಲ್ ಪ್ರತಿಯನ್ನು ಮೊದಲೇ ಗಡಿ ಪಡೆಗೆ ಕಳಿಸುತ್ತಿದ್ದರು. ಆ ಪ್ರತಿ ಬಂದದ್ದೂ ಪುಸ್ತಕದೊಳಗಿನ ಅದೇ ಚಿಪ್‌ನಿಂದಲೇ, ಮತ್ತು ಪುಸ್ತಕವನ್ನೂ ಅವರು ಜೊತೆಗೆ ಒಯ್ಯಬೇಕಿತ್ತು. ಹಾಗಾಗಿ ಇವತ್ತೇ ಬೀರುವಿನಿಂದ ನಿಮ್ಮ ಪುಸ್ತಕ ತೆಗೆಯಿರಿ. ಮೊದಲು ಮುಖಪುಟದ ಚಿಹ್ನೆ, ಆಮೇಲೆ ಅವಧಿ ಮುಗಿಯುವ ದಿನ, ಆಮೇಲೆ ಕೆಳಗಿನ ಎರಡು ಸಾಲು.